ಚಿಕ್ಕ ಇಂಜಿನ್ನಿನ ಕಾರು

"ಬುದ್ಧಿ, ಒಬ್ಬ ಮನುಷ್ಯ ತನ್ನದನ್ನು ಇರುವುದಕ್ಕಿಂತ ಸ್ವಲ್ಪ ದೊಡ್ಡದು ಮಾಡಿ ಹೇಳಿಕೊಂಡರೆ ಅದರಿಂದ ಯಾರಿಗೆ ಏನು ನಷ್ಟ?" ಎಂದು ಶಿಷ್ಯ ಕೇಳಿದ.

ಶಿಷ್ಯನ ಹೆಸರು ಮರುಳಸಿದ್ಧ. ಊರ ಹೊರಗಿನ ಆ ಪುಟ್ಟ ಮಠಕ್ಕೆ ಬಂದು ಅವನಿಗೆ ನಾಲ್ಕು ವರ್ಷವಾಗಿತ್ತು. ಗುರುಗಳು ಅಂಗಳದಲ್ಲಿ ಕೂತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದರು. ಕಾವಿ ತೊಡುವ ಮೊದಲು ಅವರು ಇಪ್ಪತ್ತೈದು ವರ್ಷ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿದ್ದವರು. ಅದನ್ನು ಯಾರಿಂದಲೂ ಮುಚ್ಚಿಟ್ಟವರಲ್ಲ.

"ಸ್ವಲ್ಪ ಅಂದರೆ ಎಷ್ಟಯ್ಯ?"

"ಸ್ವಲ್ಪವೇ, ಬುದ್ಧಿ. ಹೇಳಿದವನಿಗೂ ಸಂತೋಷ, ಕೇಳಿದವರಿಗೂ ಸಂತೋಷ."

"ಹಾಗಾದರೆ ಊರಿಗೆಲ್ಲ ಸಂತೋಷ ಅನ್ನು! ಕೂತುಕೋ. ಕೈ ಖಾಲಿ ಇದೆಯಲ್ಲ, ನೀನೂ ಬೀಜ ತೆಗಿ. ನಷ್ಟ ಯಾರಿಗೆ ಅಂತ ತಾನೆ ಕೇಳಿದ್ದು? ಒಂದು ಕಾರಿನ ಕತೆ ಹೇಳುತ್ತೇನೆ."

ಗುರುಗಳು ಹೇಳತೊಡಗಿದರು.

ಒಬ್ಬ ದನದ ಡಾಕ್ಟರಿದ್ದರು. ಅವರ ಹತ್ತಿರ ಒಂದು ವಿದೇಶಿ ಸ್ಪೋರ್ಟ್ಸ್ ಕಾರು ಇತ್ತು. ದನದ ಡಾಕ್ಟರಿಗೆ ಅಂಥ ಕಾರು ಎಲ್ಲಿಂದ ಬಂತು ಅನ್ನುತ್ತೀಯ? ಅಣೆಕಟ್ಟು ಕಟ್ಟಲು ಬಂದಿದ್ದ ಹೊರದೇಶದ ಇಂಜಿನಿಯರ್ ಒಬ್ಬ ತನ್ನ ದೇಶಕ್ಕೆ ಹಿಂತಿರುಗುವಾಗ ಅವರಿಗೆ ಬಿಟ್ಟುಹೋಗಿದ್ದ. ಅವನ ನಾಯಿಯನ್ನು ಇವರು ಬದುಕಿಸಿದ್ದರು. ಎರಡೇ ಸೀಟಿನ ಕಾರು. ಮೇಲೆ ಬಟ್ಟೆಯ ಮುಚ್ಚಿಗೆ. ಕೂತರೆ ನೆಲ ಕೈಗೆ ಸಿಗುವಷ್ಟು ತಗ್ಗು. ಡಾಕ್ಟರು ಅದರಲ್ಲೇ ಹಳ್ಳಿ ಹಳ್ಳಿ ಸುತ್ತಿ ಎಮ್ಮೆಗಳಿಗೆ ಹೆರಿಗೆ ಮಾಡಿಸುತ್ತಿದ್ದರು. ನಗಬೇಡ, ನಿಜವಾಗಿ ನಡೆದದ್ದು. ಪಕ್ಕದ ಸೀಟಿನಲ್ಲಿ ಔಷಧದ ಪೆಟ್ಟಿಗೆ, ಅದರ ಮೇಲೆ ಒಂದೊಂದು ಸಲ ಕರು.

ಆ ಕಾರು ಎರಡು ಬಗೆಯಲ್ಲಿ ಬರುತ್ತಿತ್ತು. ಮೈ ಒಂದೇ, ಚಕ್ರ ಒಂದೇ, ಸೀಟು ಒಂದೇ. ಇಂಜಿನ್ ಮಾತ್ರ ಬೇರೆ. ಒಂದಕ್ಕೆ ದೊಡ್ಡದು, ಒಂದಕ್ಕೆ ಚಿಕ್ಕದು. ಹೊರಗಿನಿಂದ ನೋಡಿದರೆ ಗೊತ್ತಾಗದು. ಡಿಕ್ಕಿಯ ಮೇಲಿನ ಅಂಕಿ ನೋಡಿಯೇ ತಿಳಿಯಬೇಕು. ದೊಡ್ಡ ಇಂಜಿನ್ ಆದರೆ ಎರಡು ಸಾವಿರ ಎಂದಿರುತ್ತದೆ. ಡಾಕ್ಟರ ಕಾರಿನ ಮೇಲೆ ಇದ್ದದ್ದು ಸಾವಿರದ ಮುನ್ನೂರು.

ನಾನು ಎರಡನ್ನೂ ಓಡಿಸಿದ್ದೇನೆ. ಸುಳ್ಳು ಯಾಕೆ ಹೇಳಲಿ, ನೇರ ರಸ್ತೆಯಲ್ಲಿ ದೊಡ್ಡದೇ ಮುಂದೆ. ಆದರೆ ನಮ್ಮ ಕಡೆ ನೇರ ರಸ್ತೆ ಎಲ್ಲಿದೆಯಯ್ಯ? ದೊಡ್ಡ ಇಂಜಿನ್ನಿನ ಭಾರಕ್ಕೆ ಕಾರಿನ ಮೂತಿ ಕೆಳಗೆ ಜಗ್ಗುತ್ತದೆ. ತಿರುವಿನಲ್ಲಿ ಅದನ್ನು ಎಳೆದು ಎಳೆದು ತಿರುಗಿಸಬೇಕು. ಅರ್ಧ ಶಕ್ತಿಯನ್ನು ಹಿಡಿದಿಟ್ಟುಕೊಂಡೇ ಓಡಿಸಬೇಕು, ಬಿಟ್ಟರೆ ಕಂದಕ. ಚಿಕ್ಕದರ ಮೂತಿ ಹಗುರ. ಸ್ಟೇರಿಂಗ್ ಮೇಲೆ ಎರಡು ಬೆರಳಿಟ್ಟರೆ ಸಾಕು, ನೀನು ನೋಡಿದ ಕಡೆಗೆ ತಿರುಗುತ್ತದೆ. ಪೆಡಲನ್ನು ತಳದವರೆಗೆ ಒತ್ತು, ಹೆದರಿಕೆಯಿಲ್ಲ. ತನ್ನಲ್ಲಿ ಇರುವುದನ್ನೆಲ್ಲ ಕೊಡುತ್ತದೆ, ನೀನೂ ಅಷ್ಟನ್ನೂ ತೆಗೆದುಕೊಳ್ಳಬಹುದು. ಏರಿನಲ್ಲಿ ಗೇರು ಬದಲಾಯಿಸುತ್ತ ಬದಲಾಯಿಸುತ್ತ ಹತ್ತಿಸಬೇಕು, ಆ ಕೆಲಸದಲ್ಲೇ ಅದರ ಖುಷಿ ಇರುವುದು. ಎಂಥ ಕಾರು ಅಂತೀಯ! ನಾನು ರಿಪೇರಿ ಮುಗಿಸಿ ಸುಮ್ಮನೆ ಒಂದು ಸುತ್ತು ಹೋಗಿ ಬರುತ್ತಿದ್ದೆ. ಡಾಕ್ಟರಿಗೆ ಗೊತ್ತಿತ್ತು, ಬೈಯುತ್ತಿರಲಿಲ್ಲ.

ಮೂವತ್ತು ವರ್ಷ ಓಡಿಸಿದರು. ಆಮೇಲೆ ಅವರ ಕೈ ನಡುಗತೊಡಗಿತು. ಇನ್ನು ಓಡಿಸಬಾರದೆಂದು ಅವರೇ ನಿರ್ಧರಿಸಿದರು.

ಅದೇ ಊರಿನಲ್ಲಿ ಒಬ್ಬ ಟೈಲ್ಸ್ ವ್ಯಾಪಾರಿ ಇದ್ದ. ಒಳ್ಳೆಯ ಮನುಷ್ಯ, ಕಾರಿನ ಹುಚ್ಚು. ಡಾಕ್ಟರ ಕಾರು ರಸ್ತೆಯಲ್ಲಿ ಹೋದರೆ ಅಂಗಡಿ ಬಿಟ್ಟು ಹೊರಗೆ ಬಂದು ನಿಲ್ಲುತ್ತಿದ್ದ. ಡಾಕ್ಟರು ಅವನನ್ನು ಕರೆದು ಕೀಲಿ ಕೊಟ್ಟರು. ಬೇರೆಯವರು ಹೆಚ್ಚು ಬೆಲೆಗೆ ಕೇಳಿದ್ದರು, ಅವರಿಗೆ ಕೊಡಲಿಲ್ಲ. ವ್ಯಾಪಾರಿಗೆ ಹೇಳಿದ್ದು ಒಂದೇ ಮಾತು.

"ವರ್ಷಕ್ಕೊಂದು ಸಲ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೆಟ್ಟ ಹತ್ತಿಸಿಬಿಡಪ್ಪ. ಇಪ್ಪತ್ತೆರಡು ತಿರುವು. ಅಷ್ಟು ಸಾಕು ನನಗೆ."

ಮೊದಲ ವರ್ಷ ವ್ಯಾಪಾರಿ ಮಾತು ಉಳಿಸಿಕೊಂಡ. ಇಬ್ಬರೂ ಬೆಟ್ಟ ಹತ್ತಿ ಇಳಿದು ನನ್ನ ಗ್ಯಾರೇಜಿಗೇ ಬಂದರು. ಡಾಕ್ಟರ ಕೂದಲೆಲ್ಲ ಗಾಳಿಗೆ ಕೆದರಿತ್ತು. ಅಷ್ಟು ವಯಸ್ಸಾದವರ ಮುಖದಲ್ಲಿ ಅಂಥ ನಗು ನಾನು ಬೇರೆ ಎಲ್ಲೂ ನೋಡಿಲ್ಲ. ವ್ಯಾಪಾರಿಯೂ ನಗುತ್ತಿದ್ದ.

ಆಮೇಲೆ ಅವನು ನಗರದ ಹಳೆ ಕಾರುಗಳ ಕ್ಲಬ್ಬಿಗೆ ಸೇರಿದ. ಅಲ್ಲಿ ಒಂದು ರೂಢಿ. ಮೈದಾನದಲ್ಲಿ ಕಾರು ನಿಲ್ಲಿಸಿದ ಕೂಡಲೇ ಬಾನೆಟ್ ಎತ್ತಿಡಬೇಕು, ಬಂದವರೆಲ್ಲ ಇಂಜಿನ್ ನೋಡಬೇಕು. ವ್ಯಾಪಾರಿ ಖುಷಿಯಿಂದ ಎತ್ತಿದ. ಕ್ಲಬ್ಬಿನ ಅಧ್ಯಕ್ಷ ಬಗ್ಗಿ ನೋಡಿ, "ಓಹೋ, ಚಿಕ್ಕದಾ!" ಎಂದ. ಅಷ್ಟೇ. ಬೈಗುಳವಲ್ಲ, ಕುಹಕವೂ ಅಲ್ಲ. ಹಾಗೆಂದು ಮುಂದಿನ ಕಾರಿಗೆ ಹೋದ. ಆದರೆ ಆ ಒಂದು ಮಾತು ವ್ಯಾಪಾರಿಯ ಎದೆಯಲ್ಲಿ ಕೂತುಬಿಟ್ಟಿತು. ಊಟ ರುಚಿಸಲಿಲ್ಲ. ನಿನ್ನೆಯವರೆಗೆ ಮುದ್ದಾಡುತ್ತಿದ್ದ ಕಾರನ್ನು ನೋಡಿದರೆ ಅವನಿಗೆ ನಾಚಿಕೆ.

ಎರಡು ದಿನ ಬಿಟ್ಟು ನನ್ನ ಹತ್ತಿರ ಬಂದ. ಜೇಬಿನಿಂದ ಕಾಗದದ ಪೊಟ್ಟಣ ತೆಗೆದ. ಒಳಗೆ ಹೊಳೆಯುವ ಅಂಕಿ, ಎರಡು ಸಾವಿರ. ಎಲ್ಲಿಂದ ತರಿಸಿದ್ದನೋ.

"ಇಂಜಿನ್ ಅದೇ ಇರಲಿ ಮೇಸ್ತ್ರಿ, ಅಂಕಿ ಮಾತ್ರ ಬದಲಾಯಿಸು" ಅಂದ.

"ಬೇಡಿ ಸಾಹುಕಾರ್ರೆ, ಇದು ಚೆನ್ನಾಗಿಯೇ ಇದೆಯಲ್ಲ" ಅಂದೆ.

"ಚೆನ್ನಾಗಿದೆ ಅಂತ ನನಗೆ ಗೊತ್ತು. ಅವರಿಗೆ ಗೊತ್ತಿಲ್ಲವಲ್ಲ. ಹಿಂದೆ ಬೇರೆ ಅಂಕಿ ಹಾಕಿದರೆ ಯಾರ ಗಂಟು ಹೋಗುತ್ತದೆ?"

ನಾನು ಸ್ಕ್ರೂಡ್ರೈವರ್ ಎತ್ತಿಕೊಂಡೆ. ಎರಡು ಸ್ಕ್ರೂ ಬಿಚ್ಚಿದೆ, ಎರಡು ಸ್ಕ್ರೂ ಹಾಕಿದೆ. ಐದು ನಿಮಿಷದ ಕೆಲಸ. ಹೌದು ಮರುಳಸಿದ್ಧ, ಆ ಅಂಕಿ ಹಾಕಿದ ಕೈ ಇದೇ. ಹೇಳುವಾಗ ಈಗಲೂ ತಲೆ ತಗ್ಗುತ್ತದೆ.

ಹಳೆಯದನ್ನು ಕೊಟ್ಟು ಅಂಥದೇ ದೊಡ್ಡ ಇಂಜಿನ್ನಿನ ಕಾರು ತಂದೆ ಎಂದು ಅವನು ಕ್ಲಬ್ಬಿನಲ್ಲಿ ಹೇಳಿಕೊಂಡ. ಅಂದಿನಿಂದ ಆ ಕಾರಿನ ಬಾನೆಟ್ ಮೇಲೇಳಲಿಲ್ಲ. ಯಾರಾದರೂ ಕೇಳಿದರೆ ಬಾನೆಟ್ಟಿನ ತಂತಿ ತುಂಡಾಗಿದೆ ಎನ್ನುತ್ತಿದ್ದ. ನನ್ನನ್ನು ಜೊತೆಗೆ ಕರೆದುಕೊಂಡು ಹೋಗಿ, "ಕೇಳಿ ಬೇಕಾದರೆ, ನಮ್ಮ ಮೇಸ್ತ್ರಿಯೇ ಇದ್ದಾನೆ" ಎನ್ನುತ್ತಿದ್ದ. ನಾನು ಹೌದೆಂದು ತಲೆಯಾಡಿಸುತ್ತಿದ್ದೆ. ಓಡಿಸುವುದನ್ನೂ ಕಡಿಮೆ ಮಾಡಿದ. ದೊಡ್ಡ ಇಂಜಿನ್ನಿನವರ ಜೊತೆ ನೇರ ರಸ್ತೆಗೆ ಹೋದರೆ ಗುಟ್ಟು ರಟ್ಟಾಗುತ್ತದಲ್ಲ. ಬೆಟ್ಟಕ್ಕಂತೂ ಹೋಗಲೇ ಇಲ್ಲ.

ಎರಡನೆಯ ವರ್ಷ ಡಾಕ್ಟರು ಕಾದರು. ವ್ಯಾಪಾರಿ ಇಂದು ನಾಳೆ ಎಂದು ತಳ್ಳಿದ. ಅವರ ಮನೆಗೆ ಹೋದರೆ ಅಂಕಿ ನೋಡುತ್ತಾರೆ, ನೋಡಿದರೆ ಕೇಳುತ್ತಾರೆ. ಆ ಭಯ ಅವನಿಗೆ.

ಒಂದು ಭಾನುವಾರ ನಗರದ ಮೈದಾನದಲ್ಲಿ ಹಳೆ ಕಾರುಗಳ ಪ್ರದರ್ಶನ. ಡಾಕ್ಟರು ಪೇಪರಿನಲ್ಲಿ ಓದಿ, ಬಸ್ಸು ಹಿಡಿದು ಬಂದರು. ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದರು. ದೂರದಿಂದಲೇ ಕಾರು ಗುರುತಿಸಿ ಸರಸರನೆ ಬಂದು ಅದರ ಬಾಗಿಲಿನ ಮೇಲೆ ಕೈಯಿಟ್ಟರು. ಸುತ್ತ ಜನ. ಅಧ್ಯಕ್ಷನೂ ಅಲ್ಲೇ ಇದ್ದ. ಡಾಕ್ಟರು ಎಲ್ಲರಿಗೂ ಕೇಳುವಂತೆ ಹೇಳಿದರು:

"ಇದು ನನ್ನ ಕಾರು ಕಣ್ರಪ್ಪ. ಚಿಕ್ಕ ಇಂಜಿನ್ನು. ಮೂವತ್ತು ವರ್ಷ ನನ್ನನ್ನು ಒಂದು ದಿನವೂ ನಡುದಾರಿಯಲ್ಲಿ ನಿಲ್ಲಿಸಿದ್ದಿಲ್ಲ."

ಅಧ್ಯಕ್ಷ ಹುಬ್ಬೇರಿಸಿದ. "ಚಿಕ್ಕದಾ? ಎರಡು ಸಾವಿರ ಅಂತಿದೆಯಲ್ಲ" ಎಂದು ವ್ಯಾಪಾರಿಯ ಕಡೆ ತಿರುಗಿದ.

ವ್ಯಾಪಾರಿಯ ಮುಖ ಬಿಳಿಚಿತು. "ಇವರು ಯಾರೋ ನನಗೆ ಗೊತ್ತಿಲ್ಲ. ವಯಸ್ಸಾಗಿದೆ ಪಾಪ, ಯಾವುದೋ ಕಾರು ಅಂದುಕೊಂಡಿದ್ದಾರೆ" ಎಂದ.

ಡಾಕ್ಟರು ಹಿಂದೆ ಹೋಗಿ ಅಂಕಿ ನೋಡಿದರು. ಆಮೇಲೆ ವ್ಯಾಪಾರಿಯನ್ನು ನೋಡಿದರು. ಆಮೇಲೆ ನನ್ನನ್ನು. ಇಪ್ಪತ್ತು ವರ್ಷ ಅವರ ಕಾರಿಗೆ ಎಣ್ಣೆ ಹಾಕಿದವನು ನಾನು. "ನೀನು ಹೇಳಪ್ಪ ಮೇಸ್ತ್ರಿ" ಎಂದು ಅಧ್ಯಕ್ಷ ಕೇಳಿದ. ಬಾಯಿ ತೆರೆದರೆ ಒಂದೇ ಮಾತಿನ ಕೆಲಸ. ಥೂ! ನಾನು ಕೈಯಲ್ಲಿದ್ದ ಬಟ್ಟೆಯಿಂದ ಕನ್ನಡಿ ಒರೆಸುತ್ತ ನಿಂತೆ.

ಆಗ ಡಾಕ್ಟರೇ ಹೇಳಿದರು: "ತಪ್ಪಾಯಿತು ಸ್ವಾಮಿ. ಕಣ್ಣು ಮಂಜು. ನನ್ನದು ಚಿಕ್ಕ ಕಾರು, ಇದಲ್ಲ."

ಎಲ್ಲರಿಗೂ ಕೈ ಮುಗಿದು ಬಸ್ ಸ್ಟ್ಯಾಂಡಿನ ಕಡೆ ನಡೆದರು. ಬಾಗಿಲಿನ ಮೇಲಿಟ್ಟಿದ್ದ ಕೈಯನ್ನು ಏನೋ ಕದ್ದವರ ಹಾಗೆ ಜೇಬಿಗೆ ಸೇರಿಸಿಕೊಂಡಿದ್ದರು.

ವ್ಯಾಪಾರಿಗೂ ನನಗೂ ಅಲ್ಲೇ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮರುದಿನ ಬೆಳಿಗ್ಗೆ ಅವನೇ ಗ್ಯಾರೇಜಿಗೆ ಬಂದು ಸ್ಕ್ರೂಡ್ರೈವರ್ ಕೇಳಿ ತೆಗೆದುಕೊಂಡು ತನ್ನ ಕೈಯಿಂದಲೇ ಅಂಕಿ ಕಿತ್ತ. ಹಳೆಯ ಅಂಕಿ ನನ್ನ ಹತ್ತಿರವೇ ಇತ್ತು, ಹಾಕಿದೆವು. ಇಬ್ಬರೂ ಡಾಕ್ಟರ ಮನೆಗೆ ಹೋದೆವು. ವ್ಯಾಪಾರಿ ಜಗಲಿಯಲ್ಲೇ ಅವರ ಕಾಲು ಹಿಡಿದ. ಡಾಕ್ಟರು ಗಾಬರಿಯಾಗಿ ಎಬ್ಬಿಸಿದರು. "ಅಯ್ಯೋ, ಏಳಿ ಏಳಿ" ಎಂದು ಒಳಗೆ ಕರೆದು ಕಾಫಿ ಕೊಟ್ಟರು. ಮಳೆ, ಬೆಳೆ, ನನ್ನ ಮಗಳ ಮದುವೆ, ಎಲ್ಲ ವಿಚಾರಿಸಿದರು. ಕಾರಿನ ಮಾತು ತೆಗೆಯಲಿಲ್ಲ.

ಕೊನೆಗೆ ವ್ಯಾಪಾರಿಯೇ, "ಸಾರ್, ಬೆಟ್ಟಕ್ಕೆ ಹೋಗೋಣ ಬನ್ನಿ. ಈಗಲೇ. ನಿಮ್ಮ ದಮ್ಮಯ್ಯ" ಎಂದ. ಅವನ ಕಣ್ಣಲ್ಲಿ ನೀರು.

ಡಾಕ್ಟರು ಕಾಫಿ ಲೋಟ ಕೆಳಗಿಟ್ಟರು. ಆಮೇಲೆ ಹೇಳಿದರು: "ನಿಮ್ಮ ಮೇಲೆ ನನಗೆ ಸಿಟ್ಟಿಲ್ಲಪ್ಪ, ದೇವರಾಣೆ ಇಲ್ಲ. ಆದರೆ ಮೂವತ್ತು ವರ್ಷ ಅದು ಚಿಕ್ಕದು ಅಂತ ನನಗೆ ಒಂದು ದಿನವೂ ಅನ್ನಿಸಿರಲಿಲ್ಲ. ನಿನ್ನೆಯಿಂದ ಅನ್ನಿಸುತ್ತಿದೆ. ಅದರಲ್ಲಿ ಕೂತು ಊರೊಳಗೆ ಹೋಗಲು ಈಗ ನನಗೂ ನಾಚಿಕೆ."

ನಾವಿಬ್ಬರೂ ಎದ್ದು ಬಂದೆವು. ಆಮೇಲೆ ಡಾಕ್ಟರು ಏಳು ವರ್ಷ ಬದುಕಿದ್ದರು. ಪ್ರತಿ ವರ್ಷ ಒಂದು ದಿನ ಬೆಟ್ಟಕ್ಕೆ ಕರೆಯಲು ವ್ಯಾಪಾರಿ ಅವರ ಮನೆಯ ಮುಂದೆ ಕಾರು ತಂದು ನಿಲ್ಲಿಸಿ ಬಾನೆಟ್ ಎತ್ತಿಡುತ್ತಿದ್ದ. ಪ್ರತಿ ವರ್ಷ ಅವರು ಹೊರಗೆ ಬಂದು ಕಾಫಿಗೆ ಕರೆಯುತ್ತಿದ್ದರು. ಒಂದು ಸಲವೂ ಹತ್ತಲಿಲ್ಲ. ಕಾರಿಗೆ ಏನೂ ಆಗಿರಲಿಲ್ಲ, ಮೊದಲಿನ ಹಾಗೆಯೇ ತಿರುಗುತ್ತಿತ್ತು. ಅವರ ಸಂತೋಷವನ್ನು ಮಾತ್ರ ನಾವು ಇಬ್ಬರು ಸೇರಿ ಎರಡು ಸ್ಕ್ರೂ ಹಾಕಿ ಮುಗಿಸಿಬಿಟ್ಟಿದ್ದೆವು.

ಗುರುಗಳು ಕತೆ ನಿಲ್ಲಿಸಿದರು. ಬೀಜ ತೆಗೆಯುವುದನ್ನು ಅವರು ಯಾವಾಗಲೋ ಬಿಟ್ಟಿದ್ದರು.

ಮರುಳಸಿದ್ಧನಿಗೆ ಡಾಕ್ಟರ ಮೇಲೆಯೇ ಮರುಕವೂ ಕೋಪವೂ ಬಂತು. "ಬುದ್ಧಿ, ಆ ಡಾಕ್ಟರು ಯಾಕೆ ಹಾಗೆ ಮಾಡಿದರು? ಸತ್ಯ ಅವರ ಕಡೆ ಇತ್ತು. ಬಾನೆಟ್ ತೆಗೆಸಿ ತೋರಿಸಿದ್ದರೆ ಆಗುತ್ತಿತ್ತು. ಅಷ್ಟು ಜನರ ಮುಂದೆ ತಮ್ಮದನ್ನು ತಮ್ಮದಲ್ಲ ಎಂದು ಹೇಳಿ ಯಾಕೆ ಹೋಗಬೇಕಿತ್ತು?" ಎಂದು ಕೇಳಿದ.

ಗುರುಗಳು ಹೇಳಿದರು: "ಮೊನ್ನೆ ಪೇಟೆಯ ಸಭೆಯಲ್ಲಿ ನಿನ್ನ ಗುರು ಯಾರೆಂದು ಅಲ್ಲಿದ್ದವರು ಕೇಳಿದಾಗ ನೀನು ದೊಡ್ಡ ಮಠದ ಸ್ವಾಮಿಗಳ ಹೆಸರು ಹೇಳಿದೆಯಲ್ಲ, ಹಿಂದೆಯೇ ಬರುತ್ತಿದ್ದ ನಾನು ಯಾಕೆ ಕಂಬದ ಮರೆಗೆ ಸರಿದು ನಿಂತೆನೋ, ಅದಕ್ಕೇ ಮಗು."