ಮುದ್ದೀರಯ್ಯನ ತೋಟದ ಬೆಳ್ಳಿಗೆರೆ

ಬೆಟ್ಟದ ಬುಡದಲ್ಲಿ ಒಂದೂರಂತೆ. ಆ ಊರಿಗೊಂದು ಹೆಸರಿತ್ತಂತೆ, ನಮಗೆ ಹೇಳಿದೋರು ಮರೆತಿದ್ದರು. ಅಲ್ಲಿ ಮುದ್ದೀರಯ್ಯ ಅಂತ ಒಬ್ಬ, ಅವನ ಹೆಂಡತಿ ಕಾಳಿಂಗಮ್ಮ. ಗಂಡನ ಮೀಸೆ ದೊಡ್ಡದು, ಮಾತು ಮೀಸೆಗಿಂತ ದೊಡ್ಡದು, ಕೆಲಸ ಮಾತ್ರ ಹುಡುಕಿದರೂ ಸಿಗೋದಿಲ್ಲ ಅಂತ ಅವಳು ಮದುವೆಯಾದ ವರ್ಷವೇ ಕಂಡುಕೊಂಡಿದ್ದಳಂತೆ.

ಒಂದು ಮಳೆಗಾಲ ಮುದ್ದೀರಯ್ಯ ಹಿತ್ತಿಲಲ್ಲಿ ಬದನೆ ಸಸಿ ನೆಟ್ಟ. ತರಗೆಲೆ ಹೊದಿಸಿದರೆ ನೆಲದ ತೇವ ಆರೋದಿಲ್ಲ ಅಂತ ಯಾರೋ ಅಂದಿದ್ದರು. ಇವನು ಸಸಿಯ ಕತ್ತಿನವರೆಗೂ ತರಗು ಒತ್ತಿ, ದಿನಾ ಸಂಜೆ ಕೊಡಗಟ್ಟಲೆ ನೀರು ಸುರಿದನಂತೆ.

"ಬುಡ ಬಿಟ್ಟು ಹಾಕ್ರಿ. ನೀರು ಬೆಳಗ್ಗೆ ಹೊಯ್ರಿ," ಅಂದಳು ಕಾಳಿಂಗಮ್ಮ.

"ಗಿಡಕ್ಕೆ ಹಾಸಿಗೆ ಹಾಸಿದೀನಿ. ನಿಂಗೇನು ತಿಳೀತದೆ, ಒಲೆ ನೋಡ್ಕೋ ಹೋಗು."

ಕೆಲವು ದಿನಕ್ಕೇ ಎಲೆಯೆಲ್ಲ ಜರಡಿಯಾಯಿತು, ಎಳೇ ಸಸಿಗಳ ಕುಡಿ ಮಾಯವಾಯಿತು. ನೆಲದ ಮೇಲೆ ಬೆಳ್ಳಿಯ ಹಾಗೆ ಹೊಳೆಯೋ ಗೆರೆಗಳು. ಅದರಲ್ಲೊಂದು ಗೆರೆ ಪಕ್ಕದ ಬೋರವ್ವನ ಬೇಲಿಗೆ ಹೋಗಿತ್ತು. ಬೋರವ್ವ ಮುದುಕಿ, ಹಿಂದೆ ಮುಂದೆ ಯಾರೂ ಇಲ್ಲದೋಳು. ಕಾಳಿಂಗಮ್ಮನ ಬಾಣಂತನ ಮಾಡಿದೋಳೂ ಅವಳೇ.

"ಇದು ಮಾಟ," ಅಂದ ಮುದ್ದೀರಯ್ಯ. ನೆಟ್ಟಗೆ ಪಟೇಲನ ಹತ್ತಿರ ಹೋದ. ಆ ಪಟೇಲನೋ, ಹಲ್ಲಿ ಲೊಚಗುಟ್ಟದೆ ಹೊಸಲು ದಾಟದ ಮಹಾ ಧೀರ. ಬಂದು ಗೆರೆ ನೋಡಿ, ಬೆವರು ಒರೆಸಿಕೊಂಡು, "ನಾಳೆ ಹೊತ್ತು ಮುಳುಗೋದ್ರೊಳಗೆ ಮುದುಕಿ ಊರು ಬಿಡ್ಬೇಕು," ಅಂದುಬಿಟ್ಟನಂತೆ.

ಬೋರವ್ವ ಗುಡಿಸಲಿನ ಕಂಬ ಹಿಡಿದುಕೊಂಡು, "ಎಲ್ಲಿಗಂತ ಹೋಗ್ಲಿ ತಾಯಿ," ಅಂದಳು. ಗಂಡನ ಮುಖ ನೋಡೋದಕ್ಕೂ ಕಾಳಿಂಗಮ್ಮನಿಗೆ ಹೇಸಿಗೆಯಾಯಿತಂತೆ.

ಅವತ್ತು ಸಂಜೆ ಅವಳು ಸಸಿಗಳ ಬುಡದಿಂದ ತರಗು ಗೇಣುದ್ದ ಹಿಂದಕ್ಕೆಳೆದಳು. ಸಾಲುಗಳ ನಡುವೆ ಒದ್ದೆ ಗೋಣಿತಾಟು ಹಾಸಿ, ಅದರಡಿ ಕುಂಬಳಕಾಯಿ ಸಿಪ್ಪೆ ಇಟ್ಟಳು. ಬೆಳಗಾಗುತ್ತಲೇ ಪಟೇಲನನ್ನೂ ಊರವರನ್ನೂ ಕರೆದಳು.

"ಮಾಟ ಮಾಡಿದೋರು ಇಲ್ಲೇ ಮಲಗವ್ರೆ, ನೋಡ್ಬನ್ನಿ."

ಪಟೇಲ ಎಲ್ಲರ ಹಿಂದೆ ನಿಂತ. ಕಾಳಿಂಗಮ್ಮ ಗೋಣಿ ಮಗುಚಿದಳು. ಅಡಿಯಲ್ಲಿ ಹೆಬ್ಬೆರಳು ಗಾತ್ರದ ಸಿಂಬಳದ ಹುಳುಗಳು, ಬಸವನಹುಳುವಿನ ಜಾತಿಯೇ ಆದರೂ ಬೆನ್ನ ಮೇಲೆ ಚಿಪ್ಪಿಲ್ಲದವು, ತಿಂದು ತೇಗಿ ಬಿದ್ದುಕೊಂಡಿದ್ದವು. ಒಂದನ್ನೆತ್ತಿ ಗಂಡನ ಅಂಗೈ ಮೇಲಿಟ್ಟಳು. ಅದು ಮೆಲ್ಲಗೆ ತೆವಳಿತು. ತೆವಳಿದಲ್ಲೆಲ್ಲ ಬೆಳ್ಳಿಗೆರೆ.

"ಬೋರವ್ವನ ಮಂತ್ರ ನಮ್ಮ ಯಜಮಾನರ ಕೈ ಮೇಲೂ ನಡೀತದೆ, ನೋಡಿ ಪಟೇಲರೇ."

"ಇಷ್ಟೊಂದು ಎಲ್ಲಿಂದ ಬಂದ್ವಮ್ಮ?" ಅಂದ ಪಟೇಲ.

"ಹಾಸಿಗೆ ಹಾಸಿದ್ರು, ಸಂಜೆ ಸಂಜೆ ನೀರು ಕೊಟ್ರು. ನೆಂಟರು ಬಂದ್ರು. ಎಲೆ ಎತ್ತಿ ನೋಡೋಕೆ ಬಗ್ಗಬೇಕಾಗ್ತಿತ್ತು. ಮುದುಕಿ ಮೇಲೆ ಬೆರಳು ತೋರ್ಸೋಕೆ ಬಗ್ಗೋದೇ ಬೇಕಿಲ್ಲ."

ಪಟೇಲ ಗಂಟಲು ಸರಿಮಾಡಿಕೊಂಡ. "ನಂಗೆ ಮೊದಲೇ ಅನುಮಾನ ಇತ್ತು."

"ಆ ಮಾತು ಬೋರವ್ವನ ಬಾಗಿಲಲ್ಲಿ ನಿಂತು ಹೇಳಿ."

ಊರೆಲ್ಲ ನೋಡುತ್ತಿರುವಾಗ ಇನ್ನೇನು ಮಾಡುತ್ತಾನೆ, ಹೋಗಿ ಹೇಳಿದನಂತೆ. ಮುದುಕಿ ಕಂಬ ಬಿಟ್ಟು ಕೆಳಗೆ ಕೂತು ಅತ್ತಳಂತೆ.

ಮುದ್ದೀರಯ್ಯನಿಗೆ ಅವತ್ತಿಂದ ಕೆಲಸ ಸಿಕ್ಕಿತು. ದಿನಾ ಬೆಳಗ್ಗೆ ಗೋಣಿ ಮಗುಚೋದು, ಹುಳು ಆರಿಸೋದು, ಬೋರವ್ವನ ಬಾತುಕೋಳಿಗಳ ಮುಂದೆ ಸುರಿಯೋದು. "ತಪ್ಪಾಯ್ತವ್ವ," ಅಂತ ಮೀಸೆಯೊಳಗೇ ಗೊಣಗಿದರೆ ಮುದುಕಿ, "ಬಾತುಗಳಿಗೆ ಕೇಳಿಸ್ತು, ನಂಗೆ ಕೇಳಿಸಲಿಲ್ಲ," ಅನ್ನೋಳಂತೆ. ಗಟ್ಟಿಯಾಗಿ ಹೇಳೋವರೆಗೂ ಬಿಡಲಿಲ್ಲವಂತೆ.

ತರಗು ತೆಳುವಾಯಿತು, ನೀರು ಬೆಳಗಿನ ಹೊತ್ತಿಗೆ ಬಂತು, ಸಂಜೆಗೆ ನೆಲದ ಮೇಲ್ಮೈ ಒಣಗತೊಡಗಿತು. ಹುಳು ಕಮ್ಮಿಯಾದವು, ಉಳಿದ ಸಸಿ ಚಿಗುರಿ ಕಾಯಿ ಬಿಟ್ಟವು. ಮೊದಲ ಬುಟ್ಟಿ ಹೋಗಿದ್ದು ಬೋರವ್ವನ ಮನೆಗೆ.

ಅವರು ಅಲ್ಲಿ ಎಣ್ಣೆಗಾಯಿ ಮಾಡಿಕೊಂಡು ಉಂಡರಂತೆ, ನಾವಿಲ್ಲಿ ಬಾಯಲ್ಲಿ ನೀರೂರಿಸಿಕೊಂಡು ಕೂತಿದ್ದೀವಿ.