ಹಾಲಮ್ಮನ ಹೊಟ್ಟೆಯ ಫೋಟೋ

ಊರು ಅಂದ್ಮೇಲೆ ಜಾಣರೂ ಇರ್ತಾರೆ, ಪೆದ್ದರೂ ಇರ್ತಾರೆ. ಜಾಣ ತನ್ನ ಕತೆ ತಾನೇ ಹೇಳ್ಕೊಂಡು ತಿರುಗ್ತಾನೆ. ಪೆದ್ದನ ಕತೆ ಮಾತ್ರ ನಾವು ನೀವು ಹೇಳಬೇಕು. ಬರ್ರಿ, ಇತ್ತ ಸರಿದು ಕೂತ್ಕೊಳ್ರಿ.

ದಾವಣಗೆರೆ ಕಡೆ, ಮಂಡಕ್ಕಿ ಭಟ್ಟಿಗಳ ಸಾಲಿನಲ್ಲಿ, ಹಾಲಮ್ಮ ಅಂತ ಒಬ್ಬಾಕೆ ಇದ್ದಳು. ಗಂಡ ಇಲ್ಲ. ಇದ್ದದ್ದು ಒಂದು ಭಟ್ಟಿ, ಒಂದು ಬಾಣಲೆ, ಒಬ್ಬ ಮಗ. ಭಟ್ಟಿ ಹೇಳಿದಂಗೆ ಕೇಳ್ತಿತ್ತು, ಬಾಣಲೆ ಹೇಳಿದಂಗೆ ಕೇಳ್ತಿತ್ತು. ಮಗ ತಿಪ್ಪೇಶಿ? ಅವನೂ ಹೇಳಿದಂಗೇ ಕೇಳ್ತಿದ್ದ. ಅದೇ ಆಕೆಯ ಗೋಳು!

"ಬಾಗಿಲು ನೋಡ್ಕೋತಿರು" ಅಂದರೆ ಬಾಗಿಲನ್ನೇ ನೋಡ್ತಾ ಕೂರೋನು. ಹಿತ್ತಲಿಂದ ಕಳ್ಳ ಬಂದು ಬಿಂದಿಗೆ ಹೊತ್ತುಕೊಂಡು ಹೋದರೂ ಕತ್ತು ಹೊರಳಿಸೋನಲ್ಲ. ಮೀಸೆ ಬಂದಿತ್ತು, ತೋಳಿಗೆ ಬಲ ಬಂದಿತ್ತು, ಬುದ್ಧಿ ಮಾತ್ರ ಇನ್ನೂ ದಾರಿಯಲ್ಲೇ ಇತ್ತು.

ಹಾಲಮ್ಮನಿಗೆ ಒಂದು ಚಾಳಿ. ಅಡುಗೆ ಕಮ್ಮಿ ಬಿದ್ದ ದಿನ, "ನಂದು ಆಗಲೇ ಆಯ್ತು, ನೀನು ಉಣ್ಣು" ಅನ್ನೋಳು. ಹೊಟ್ಟೆ ನೋವು ಶುರುವಾದಾಗಲೂ ಹಂಗೇ. "ನಂಗೇನಾಗೈತೆ? ಗುಂಡುಕಲ್ಲಿನಂಗಿದೀನಿ" ಅನ್ನೋಳು. ಪಕ್ಕೆ ಹಿಡ್ಕೊಂಡೇ ತಿಂಗಳುಗಟ್ಟಲೆ ಮಂಡಕ್ಕಿ ಹುರಿದಳು. ಕೊನೆಗೆ ಕಣ್ಣು ಹಳದಿಯಾಗಿ, ಭಟ್ಟಿ ಮುಂದೇ ಕುಸಿದಾಗ ಮಗನ ಹೆಗಲ ಮೇಲೆ ಆಸ್ಪತ್ರೆಗೆ ಬಂದಳು.

ಆಕೆಯ ಅಕ್ಕ ಹೊಟ್ಟೆಯ ಗಡ್ಡೆಯಿಂದಲೇ ಹೋಗಿದ್ದಳು. "ನಂಗೂ ಅದೇ ಗಡ್ಡೆಯಾಗಿದ್ದರೆ ಈ ನನ್ನ ಪೆದ್ದನ ಗತಿ ಏನು?" ನೋವಿಗಿಂತ ಹೆಚ್ಚಾಗಿ ಆಕೆಯನ್ನ ಹಿಂಡಿದ್ದು ಇದೊಂದೇ ಮಾತು.

ಡಾಕ್ಟರಮ್ಮ ಹೊಟ್ಟೆ ಒತ್ತಿ ನೋಡಿದರು, ಜೆಲ್ಲು ಸವರಿ ಸ್ಕ್ಯಾನಿಂಗ್ ಮಾಡಿದರು. "ಗಾಳಿ ತುಂಬಿ ಮರೆಯಾಗಿದೆಯಮ್ಮ, ಸರಿಯಾಗಿ ಕಾಣ್ತಿಲ್ಲ. ಸಿ.ಟಿ. ಮಾಡಿಸೋಣ. ಸುತ್ತಲಿಂದ ಫೋಟೋ ಹಿಡಿದು ಹೊಟ್ಟೆಯನ್ನ ಬಿಲ್ಲೆ ಬಿಲ್ಲೆಯಾಗಿ ತೋರಿಸುತ್ತೆ."

ತಿಪ್ಪೇಶಿ ಎದ್ದು ಅಡ್ಡ ನಿಂತ. "ಬಿಲ್ಲೆ ಬಿಲ್ಲೆನಾ? ನಮ್ಮವ್ವ ಏನು ಬದನೇಕಾಯೇನ್ರೀ?"

"ಕೊಯ್ಯಲ್ಲಪ್ಪಾ, ಫೋಟೋ ಅಷ್ಟೇ! ನಾಳೆ ಕರ್ಕೊಂಡು ಬಾ. ಬೆಳಿಗ್ಗೆಯಿಂದ ಏನೂ ತಿನ್ನಿಸಬೇಡ. ತಡ ಮಾಡಬೇಡಿ."

"ಹಂಗೇ ಮಾಡ್ತೀನಿ!" ಅಂದ ತಿಪ್ಪೇಶಿ.

ಆ ಭಟ್ಟಿ ಸಾಲಿನಲ್ಲಿ ಒಂದು ಪದ್ಧತಿ. ಬೆಳಗಿನ ಮೊದಲ ಒಬ್ಬೆ ಮಂಡಕ್ಕಿ ಬಾಣಲೆಯಿಂದ ಇಳಿದ ಕೂಡಲೇ ಭಟ್ಟಿಯ ಯಜಮಾನಿ ಒಂದು ಹಿಡಿ ಬಾಯಿಗೆ ಹಾಕ್ಕೊಂಡು ಉಪ್ಪು ನೋಡಬೇಕು. ಆಕೆ 'ಹ್ಞೂಂ' ಅನ್ನದೆ ಚೀಲ ಕಟ್ಟೋ ಹಂಗಿಲ್ಲ. ಮಾರನೇ ದಿನ ತಿಪ್ಪೇಶಿಯೇ ಮೊದಲ ಒಬ್ಬೆ ಹುರಿದ. ಹಿಡಿ ತುಂಬ ತಂದು ಬಾಯಿಗೆ ಹಿಡಿದ. ಹಾಲಮ್ಮನಿಗೆ ಅರೆನಿದ್ದೆ, ಅರೆನೋವು. ಅಭ್ಯಾಸಬಲ, ಬಾಯಿ ತೆರೆದಳು, ಅಗಿದಳು, 'ಹ್ಞೂಂ' ಅಂದಳು. ಒಂದು ಹಿಡಿ ಅಂದೆನಲ್ಲ? ಅವತ್ತು ಉಪ್ಪು ಗೊತ್ತಾಗೋವರೆಗೂ ಹಿಡಿ ಮೇಲೆ ಹಿಡಿ ಆಯ್ತು.

ಸ್ಕ್ಯಾನ್ ರೂಮಿನ ಕೊಟ್ರಪ್ಪನೋರು ಕೇಳಿದರು, "ಏನಾದರೂ ತಿಂದಿದ್ದಾರಾ?"

"ಇಲ್ರೀ! ಒಂದು ಕಾಳೂ ತಿನ್ನಿಸಿಲ್ಲ!"

"ಮತ್ತೆ ಸೀರೆ ಮೇಲೆ ಮಂಡಕ್ಕಿ?"

"ಅದು ತಿನ್ನೋಕಲ್ರೀ. ಉಪ್ಪು ನೋಡೋಕೆ!"

ಕೊಟ್ರಪ್ಪನೋರು ಹಣೆ ಬಡ್ಕೊಂಡರು. ಅವತ್ತಿನ ಸರದಿ ಹೋಯ್ತು.

"ಅಯ್ಯೋ ನನ್ನ ಪೆದ್ದೇ!" ಅಂದಳು ಹಾಲಮ್ಮ. "ನನಗಾದರೂ ಜ್ಞಾನ ಬ್ಯಾಡವಾ! ಕೇಳಿಲ್ಲಿ. ನಾಳೆ ನನ್ನ ಬಾಯಿ ಹತ್ರ ಏನೇ ಬರಲಿ, ಯಾರೇ ಕೊಡಲಿ, ಕಿತ್ಕೊಂಡು ಚೆಲ್ಲಿಬಿಡು!"

"ಹಂಗೇ ಮಾಡ್ತೀನಿ ಯವ್ವಾ!"

ಮಾರನೇ ದಿನ ಹಾಲಮ್ಮ ಆಸ್ಪತ್ರೆಯ ಹಸಿರು ಅಂಗಿ ಹಾಕ್ಕೊಂಡು ಬಂದಳು. ಕೊಟ್ರಪ್ಪನೋರು ದೊಡ್ಡ ಬಾಟಲಿಯಲ್ಲಿ ನೀರಿಗೆ ಔಷಧಿ ಕಲಸಿ ಕೊಟ್ಟರು. "ಇದನ್ನ ಸ್ವಲ್ಪ ಸ್ವಲ್ಪ ಕುಡೀತಾ ಇರಿ ಅಮ್ಮಾ. ಕರುಳು ತುಂಬಿದರೆ ಫೋಟೋದಲ್ಲಿ ಚೆನ್ನಾಗಿ ಎದ್ದು ಕಾಣುತ್ತೆ."

ಹಾಲಮ್ಮ ಬಾಟಲಿ ಎತ್ತಿದಳು. ಬಾಯಿ ಹತ್ರ ತಂದಳು. ತಿಪ್ಪೇಶಿ ಹಾರಿ ಬಂದ, ಕಿತ್ಕೊಂಡ, ಬಾಗಿಲಲ್ಲಿದ್ದ ಕ್ರೋಟನ್ ಗಿಡದ ಕುಂಡಕ್ಕೆ ಗಟಗಟ ಸುರಿದ!

"ಏಯ್, ಏಯ್! ಏನಯ್ಯಾ ಮಾಡ್ತಿದ್ದೀಯಾ?"

"ನೀವು ಕೊಟ್ರಿ, ಬಾಯಿ ಹತ್ರ ಬಂತು, ಚೆಲ್ಲಿದೆ! ನಮ್ಮವ್ವನೇ ಹೇಳೈತೆ!"

"ಈಗ ಕ್ರೋಟನ್ ಗಿಡಕ್ಕೆ ಸ್ಕ್ಯಾನ್ ಮಾಡ್ಲೇನು ನಾನು?"

ಬೆಂಚಿನಲ್ಲಿ ಕೂತ ಜನ ನಕ್ಕರು. ನೋವಿನಲ್ಲೂ ಹಾಲಮ್ಮನಿಗೆ ನಗು ಬಂತು, ನಗುವಾಗ ಪಕ್ಕೆ ಹಿಡೀತು, ಹಿಡಿದಾಗ ಸಿಟ್ಟು ಬಂತು. "ಅಯ್ಯೋ ನನ್ನ ಪೆದ್ದೇ! ಇದು ನಮ್ಮ ಭಟ್ಟಿಯಲ್ಲ, ಆಸ್ಪತ್ರೆ! ಇಲ್ಲಿ ಅವರು ಹೇಳಿದಂಗೆ ನಡೀಬೇಕು. ನನ್ನ ಮಾತು ಬಿಡು. ಇಲ್ಲಿ ಯಾವ ದನಿ ಏನು ಹೇಳ್ತದೋ ಅದನ್ನ ಮಾಡು. 'ಬಿಡು' ಅನ್ನೋವರೆಗೂ ಬಿಡಬೇಡ!"

"ಹಂಗೇ ಮಾಡ್ತೀನಿ ಯವ್ವಾ!"

ಕೊಟ್ರಪ್ಪನೋರು ಒಳ್ಳೇ ಮನುಷ್ಯ. ಇನ್ನೊಂದು ಬಾಟಲಿ ಕಲಸಿದರು. ಈ ಸಲ ಎದುರಿಗೇ ನಿಂತು ಕುಡಿಸಿದರು. ಕೈಗೆ ಸೂಜಿ ಚುಚ್ಚಿದರು. "ಔಷಧಿ ಹರಿಯುವಾಗ ಮೈಯೆಲ್ಲ ಬಿಸಿ ಆಗುತ್ತೆ, ಹೆದರಬೇಡಿ" ಅಂದರು.

"ಭಟ್ಟಿ ಮುಂದೆ ಬಾಳು ಸವೆಸಿದೋಳಿಗೆ ಯಾವ ಬಿಸಿಯಪ್ಪಾ!" ಅಂದಳು ಹಾಲಮ್ಮ.

ದೊಡ್ಡ ಕೋಡುಬಳೆಯಂಥ ಯಂತ್ರ. ಅದರ ತೂತಿನೊಳಗೆ ಮಂಚ ಸರೀತು. ಯಂತ್ರದಿಂದ ಹೆಣ್ಣು ದನಿ ಬಂತು, 'ಉಸಿರು ಎಳೆದುಕೊಳ್ಳಿ. ಹಿಡಿದುಕೊಳ್ಳಿ.' ಹಾಲಮ್ಮ ಹಿಡಿದಳು.

ಬಾಗಿಲ ಸಂದಿಯಲ್ಲಿ ಕಿವಿಯಿಟ್ಟಿದ್ದ ತಿಪ್ಪೇಶಿಯೂ ಹಿಡಿದ! ಅಷ್ಟರಲ್ಲಿ ಯಾರೋ ಬಂದು ಬಾಗಿಲು ಗಟ್ಟಿಯಾಗಿ ಮುಚ್ಚಿದರು. ಒಳಗೆ ಯಂತ್ರ 'ಉಸಿರು ಬಿಡಿ' ಅಂತು. ಹಾಲಮ್ಮ ಬಿಟ್ಟಳು. ಹೊರಗಿದ್ದವನಿಗೆ ಅದು ಕೇಳಿಸಬೇಕಲ್ಲ? 'ಬಿಡು' ಅನ್ನೋವರೆಗೂ ಬಿಡಬಾರದಲ್ಲ? ಕೆನ್ನೆ ಉಬ್ಬಿತು, ಕಣ್ಣು ಮೇಲಾಯ್ತು, ಧೊಪ್ಪಂತ ಬಿದ್ದ.

"ಅಯ್ಯಯ್ಯೋ, ಹಾಲಮ್ಮನ ಮಗ ಬಿದ್ದ!" ಅಂತ ಹೊರಗೆ ಕೂಗು. ಯಂತ್ರ ಇನ್ನೂ ತಿರುಗುತ್ತಿದೆ, ಹಾಲಮ್ಮ ಎದ್ದು ಕೂತುಬಿಟ್ಟಳು! ಕೊನೆಯ ಫೋಟೋಗಳೆಲ್ಲ ಅಲುಗಾಡಿ ಹೋದವು.

ನೀರು ಚಿಮುಕಿಸಿದ ಮೇಲೆ ಪೆದ್ದ ಕಣ್ಣು ಬಿಟ್ಟ. ಮೊದಲ ಮಾತು, "ಬಿಡಬಹುದಾ ಯವ್ವಾ?"

ಡಾಕ್ಟರಮ್ಮ ಸರಿಯಾಗಿ ಬಂದಷ್ಟು ಫೋಟೋಗಳನ್ನೇ ತಿರುವಿ ತಿರುವಿ ನೋಡಿದರು. "ಪಿತ್ತ ಹರಿಯೋ ನಾಳ ಊದಿಕೊಂಡಿದೆ. ಏನೋ ಅಡ್ಡ ಕೂತಿದೆ. ಕಲ್ಲೋ ಗಡ್ಡೆಯೋ ಇದರಲ್ಲಿ ತಿಳೀತಿಲ್ಲ. ಎಂ.ಆರ್.ಐ. ಮಾಡಿದರೆ ಆ ನಾಳ ಬೆಳ್ಳಗೆ ಬಿಡಿಸಿದ ಹಾಗೆ ಕಾಣುತ್ತೆ."

ಗಡ್ಡೆ ಅನ್ನೋ ಮಾತು ಕಿವಿಗೆ ಬಿದ್ದದ್ದೇ ಹಾಲಮ್ಮ ಮಗನ ತಲೆ ಮೇಲೆ ಕೈಯಿಟ್ಟಳು. ತೆಗೀಲೇ ಇಲ್ಲ.

ಕೊಟ್ರಪ್ಪನೋರು ತಿಪ್ಪೇಶಿಯನ್ನ ಪಕ್ಕಕ್ಕೆ ಕರೆದರು. "ನೋಡಪ್ಪಾ, ಆ ದನಿ ಹೇಳಿದ್ದು ನಿನಗಲ್ಲ, ಒಳಗೆ ಮಲಗಿದವರಿಗೆ. ಕಂಡವರ ಮಾತಿಗೆಲ್ಲ ಕುಣೀಬೇಡ. ನಿನ್ನ ಹೆಸರು ಹಿಡಿದು ಕರೆದರೆ ಮಾತ್ರ ಏಳು!"

"ಹಂಗೇ ಮಾಡ್ತೀನಿ ಸಾರ್!"

ಎಂ.ಆರ್.ಐ.ಗೆ ಹೆಸರು ಬರೆಸಬೇಕಿತ್ತು. ಹಾಲಮ್ಮನನ್ನ ಒಳಗೆ ಒರಗಿಸಿದರು, ಮಗ ಹೊರಗೆ ಬೆಂಚಿನ ಮೇಲೆ ಕೂತ. ಕಿಟಕಿಯಿಂದ ನರ್ಸಮ್ಮ ಕೂಗಿದರು, "ಹಾಲಮ್ಮನ ಕಡೆಯವರು!"

ತಿಪ್ಪೇಶಿ ಅಲುಗಲಿಲ್ಲ.

"ಹಾಲಮ್ಮನ ಕಡೆಯವರು ಯಾರ್ರೀ? ಬೇಗ ಬನ್ನಿ!"

ತಿಪ್ಪೇಶಿ ಎಡಕ್ಕೆ ತಿರುಗಿದ, ಬಲಕ್ಕೆ ತಿರುಗಿದ. "ಯಾರ್ರೀ ಅದು ಹಾಲಮ್ಮನ ಕಡೆಯವರು? ಎದ್ದು ಹೋಗ್ರಿ! ಪಾಪ, ಆಯಮ್ಮ ಆಗಿಂದ ಗಂಟಲು ಹರ್ಕೋತಿದಾಳೆ!" ಅಂತ ಎಲ್ಲರನ್ನೂ ಗದರಿದ. ನರ್ಸಮ್ಮ ಕೂಗಿ ಕೂಗಿ ಕಿಟಕಿ ಹಾಕ್ಕೊಂಡರು.

ಸಂಜೆ ಹಾಲಮ್ಮ ಗೋಡೆ ಹಿಡ್ಕೊಂಡು ಹೊರಗೆ ಬಂದಳು. "ಯಾಕಲೇ, ಕರೀಲಿಲ್ಲವಾ?"

"ಇಲ್ಲ ಯವ್ವಾ. ಯಾರೋ ಹಾಲಮ್ಮ ಅಂತೆ. ಅವರ ಕಡೆಯವರಿಗೆ ಒಂದು ಚೂರೂ ಜವಾಬ್ದಾರಿ ಇಲ್ಲ!"

ಹಾಲಮ್ಮ ಅಲ್ಲೇ ಕೂತುಬಿಟ್ಟಳು. "ಅಯ್ಯೋ ನನ್ನ ಪೆದ್ದೇ! ನಿನ್ನ ಬಿಟ್ಟು ನನ್ನ ಕಡೆ ಇನ್ಯಾರಿದಾರಲೇ?" ಸೆರಗಿನಲ್ಲಿ ಮೂಗು ಒರೆಸ್ಕೊಂಡು ಅಂದಳು, "ಹಾಲಮ್ಮಂದು ಅಂತ ಯಾರಾದರೂ ಬಾಯಿ ಬಿಟ್ಟರೆ ಅದು ನಿನ್ನ ಕೆಲಸ. ಒಂದಿಷ್ಟೂ ಉಳಿಸದಂಗೆ ಪೂರ್ತಿ ಮಾಡು!"

"ಹಂಗೇ ಮಾಡ್ತೀನಿ ಯವ್ವಾ!" ಅಂದವನೇ ಓಡಿ ಹೋಗಿ ಮುಚ್ಚಿದ ಕಿಟಕಿ ಬಡಿದ. ನರ್ಸಮ್ಮ ಬೈದುಕೊಂಡೇ ಹೆಸರು ಬರೆದುಕೊಂಡರು. "ನಾಳೆ ಬಾ. ಅದು ಭಾರೀ ಆಯಸ್ಕಾಂತದ ಯಂತ್ರ. ಹಾಲಮ್ಮಂದು ಕಬ್ಬಿಣ, ಬೆಳ್ಳಿ, ಬಂಗಾರ ಏನಿದ್ದರೂ ಎಲ್ಲ ತೆಗೆದು ಯಾರ ಕೈಗಾದರೂ ಕೊಟ್ಟು ಬಾ."

ಬೆಳಿಗ್ಗೆ ಹಾಲಮ್ಮ ಮೂಗಿಗೆ ಸೋಪು ಹಚ್ಚಿ ಮೂಗುಬೊಟ್ಟು ಬಿಚ್ಚಿದಳು. ಮದುವೆಯಲ್ಲಿ ಚುಚ್ಚಿದ್ದು, ಗಂಡ ಹೋದಾಗಲೂ ಬಿಚ್ಚಿರಲಿಲ್ಲ. ಕಾಲುಂಗುರ ಹಾಕೋ ಕಾಲ ಮುಗಿದಿತ್ತು. ಇನ್ನು ತಲೆಯ ಪಿನ್ನು, ಅದೂ ಹೋಯ್ತು. ಆಟೋ ಹತ್ತಿ ಕೂತಳು. "ಇದೋ ಬಂದೆ ಯವ್ವಾ" ಅಂತ ಮಗ ಒಳಗೆ ಹೋದ. ಟಣ್, ಠಣ್, ಧಡಾರ್ ಅಂತ ಸದ್ದು. ಬೆವರು ಒರೆಸ್ಕೋತಾ ಬಂದ.

"ಲೋಹ ಏನೂ ಇಲ್ಲ ತಾನೇ?" ಕೊಟ್ರಪ್ಪನೋರು ಕೇಳಿದರು.

"ಒಂದು ಮೊಳೆಯೂ ಉಳಿಸಿಲ್ಲ ಸಾರ್!" ಎದೆಯುಬ್ಬಿಸಿ ಅಂದ ತಿಪ್ಪೇಶಿ.

ಹಾಲಮ್ಮ ಸುರಂಗದೊಳಗೆ ಹೋದಳು. ಢಬಢಬ, ಟರ್ರ್ ಟರ್ರ್, ಜಗತ್ತಿನ ಬಾಣಲೆಗಳನ್ನೆಲ್ಲ ಯಾರೋ ಒಟ್ಟಿಗೆ ಬಡಿದಂಗೆ. ಆಕೆ ಕಣ್ಣು ಮುಚ್ಚಿ, ಉಸಿರು ಹಿಡಿ ಅಂದಾಗ ಹಿಡಿದು, ಬಿಡು ಅಂದಾಗ ಬಿಟ್ಟು, ಕಲ್ಲಿನಂಗೆ ಮಲಗಿದಳು. ಹೊರಗೆ ಈ ಸಲ ಯಾರೂ ಬೀಳಲಿಲ್ಲ. ದೇವರು ದೊಡ್ಡೋನು!

ಸಂಜೆ ಮನೆಗೆ ಬಂದು ನೋಡ್ತಾಳೆ, ಬಾಗಿಲೇ ಇಲ್ಲ! ಅಂದರೆ ಬಾಗಿಲು ಐತೆ, ಗೋಡೆಗೆ ಒರಗಿ ನಿಂತೈತೆ. ಕೀಲಿಲ್ಲ, ಚಿಲಕವಿಲ್ಲ, ಕೊಂಡಿಯಿಲ್ಲ. ಬಾಣಲೆಯಿಲ್ಲ, ಜರಡಿಯಿಲ್ಲ, ಒಂದು ಚಮಚವಿಲ್ಲ. ಒಳಗೆ ಓಣಿಯ ಆಡುಗಳೆಲ್ಲ ಸೇರಿ ಮಂಡಕ್ಕಿ ಚೀಲ ಬಿಚ್ಚಿ ಹಬ್ಬ ಮಾಡ್ತಾ ಇದ್ದವು.

"ಹಾಲಮ್ಮನ ಕಬ್ಬಿಣ ಎಲ್ಲ ತೆಗೆದು ಪಕ್ಕದ ಮನೆ ನಾಗಕ್ಕನ ಕೈಗೆ ಕೊಟ್ಟಿದೀನಿ ಯವ್ವಾ! ನಾಗಕ್ಕಗೆ ಈಗ ಮಲಗೋಕೆ ಜಾಗ ಇಲ್ಲ!"

ಹಾಲಮ್ಮ ಬಾಯಿ ತೆರೆದಳು. 'ಅಯ್ಯೋ ನನ್ನ ಪೆದ್ದೇ' ಅನ್ನೋಕೆ ಹೋದಳು, ಅಷ್ಟರಲ್ಲಿ ಒಂದು ಆಡು ಆಕೆಯನ್ನೇ ನೋಡ್ತಾ ಅಗೀತು, ತಲೆಯಾಡಿಸಿತು. "ನೋಡವ್ವಾ, ಉಪ್ಪು ಸರಿ ಐತಂತೆ!" ಅಂದ ಮಗ. ಆಕೆ ಹೊಸ್ತಿಲ ಮೇಲೆ ಕೂತು ಕಣ್ಣೀರು ಬರೋವರೆಗೂ ನಕ್ಕಳು. ನಕ್ಕದ್ದೋ ಅತ್ತದ್ದೋ ಆಕೆಗೂ ಗೊತ್ತಾಗಲಿಲ್ಲ.

ಮಾರನೇ ದಿನ ಡಾಕ್ಟರಮ್ಮ ಫಿಲ್ಮನ್ನ ಬೆಳಕಿಗೆ ಸಿಕ್ಕಿಸಿದರು. ಹಾಲಮ್ಮ ನೋಡಲಿಲ್ಲ. ಮಗನ ಅಂಗಿ ಚುಂಗು ಹಿಡ್ಕೊಂಡು ನೆಲ ನೋಡಿದಳು.

"ಗಡ್ಡೆ ಅಲ್ಲಮ್ಮಾ! ಕಲ್ಲು. ಈ ಬೆಳ್ಳಗಿನ ನಾಳದಲ್ಲಿ ಕಪ್ಪಗೆ ಕೂತಿದೆಯಲ್ಲ, ಅದೇ. ಬಾಯಿಂದ ಕೊಳವೆ ಬಿಟ್ಟು ಈಚೆ ಎಳೀಬಹುದು."

"ಗಡ್ಡೆ ಅಲ್ಲವಾ?"

"ಅಲ್ಲ."

"ಇನ್ನೊಂದ್ಸಲ ಹೇಳ್ರಿ ತಾಯೀ."

"ಅಲ್ಲವೇ ಅಲ್ಲ! ಇಷ್ಟು ತಿಂಗಳು ನೋವು ಯಾಕೆ ಮುಚ್ಚಿಟ್ಟಿರಿ? ಲೇ ತಿಪ್ಪೇಶಿ, ಬಾ ಇಲ್ಲಿ. ನೋಡು, ಇದು ನಿಮ್ಮವ್ವನ ಜಠರ, ಖಾಲಿ ಇದೆ. ಇದು ನಾಳ, ಇದು ಕಲ್ಲು. ಇನ್ನು ಮೇಲೆ ನಿಮ್ಮವ್ವನ ಬಾಯಿ ಮಾತು ನಂಬಬೇಡ. ಬಾಯಿ ಸುಳ್ಳು ಹೇಳುತ್ತೆ, ಫೋಟೋ ಹೇಳಲ್ಲ!"

"ಹಂಗೇ ಮಾಡ್ತೀನಿ ಡಾಕ್ಟರಮ್ಮಾ!"

ಕಲ್ಲು ಈಚೆ ಬಂತು. ಕಣ್ಣಿನ ಹಳದಿ ಇಳೀತು. ಬಾಗಿಲು ಬಾಗಿಲ ಜಾಗಕ್ಕೆ ಬಂತು, ಬಾಣಲೆ ಒಲೆಗೆ ಬಂತು, ನಾಗಕ್ಕನಿಗೆ ಮಲಗೋ ಜಾಗ ಸಿಕ್ತು, ಮೂಗುಬೊಟ್ಟು ಮೂಗಿಗೇರಿತು. ಹಾಲಮ್ಮ ಮನೆಗೆ ಬಂದ ದಿನ ತಿಪ್ಪೇಶಿಯೇ ಗಂಜಿ ಕಾಯಿಸಿದ, ಎಣ್ಣೆಯಿಲ್ಲದೆ ಸೊಪ್ಪಿನ ಪಲ್ಯ ಮಾಡಿದ. ಗಂಜಿ ಒಬ್ಬರಿಗೆ ಸಾಲುವಷ್ಟಿತ್ತು.

ಹಾಲಮ್ಮ ಗಡಿಗೆ ನೋಡಿದಳು, ಮಗನ ಮುಖ ನೋಡಿದಳು. "ನಂದು ಆಸ್ಪತ್ರೆಯಲ್ಲೇ ಆಯ್ತಪ್ಪಾ. ನೀನು ಉಣ್ಣು."

ತಿಪ್ಪೇಶಿ ತಟ್ಟೆ ಕೆಳಗಿಟ್ಟ. ಒಳಗೆ ಹೋದ. ಫಿಲ್ಮ್ ತಂದು ಕಿಟಕಿಯ ಬಿಸಿಲಿಗೆ ಹಿಡಿದ. ಕಲ್ಲಿದ್ದ ಜಾಗವನ್ನ ಆಗಲೇ ಉಗುರಿನಲ್ಲಿ ಕೆರೆದು ತೆಗೆದಿದ್ದ. ಡಾಕ್ಟರಮ್ಮ ತೆಗೆದ ಮೇಲೆ ಫೋಟೋದಲ್ಲಿ ಇರಬಾರದಲ್ಲ! ಒಂದು ಕಣ್ಣು ಮುಚ್ಚಿ ನೋಡಿದ, ಇನ್ನೊಂದು ಮುಚ್ಚಿ ನೋಡಿದ.

"ಸುಳ್ಳಿ! ಹೊಟ್ಟೆ ಖಾಲಿ ಐತೆ! ಉಣ್ಣು!"

ಹಾಲಮ್ಮ ಸಿಕ್ಕಿಬಿದ್ದಳು. ತಟ್ಟೆ ಎಳ್ಕೊಂಡು ಉಂಡಳು. ಗಡಿಗೆ ಬರಿದಾಯ್ತು. ಕೈ ತೊಳೆಯೋಕೆ ಎದ್ದಳು. ಅವನು ಮತ್ತೆ ಫಿಲ್ಮ್ ಎತ್ತಿದ.

"ಕೂತ್ಕೋ! ಇನ್ನೂ ಖಾಲಿ!" ನಾಗಕ್ಕನ ಮನೆಗೆ ಓಡಿದ, ರೊಟ್ಟಿ ತಂದ. ತಿಂದಳು. ಫಿಲ್ಮ್ ನೋಡಿದ. "ಇನ್ನೂ ಖಾಲಿ!" ಎದುರು ಮನೆಯಿಂದ ಮುದ್ದೆ ತಂದ.

"ಸಾಕಲೇ! ಹೊಟ್ಟೆ ಬಿರೀತೈತೆ! ತೇಗು ಬಂತು, ಕೇಳಿಸಲಿಲ್ಲವಾ?"

"ತೇಗೋದು ಬಾಯಿ ಯವ್ವಾ," ಅಂದ ತಿಪ್ಪೇಶಿ, "ಅದರ ಮಾತು ನಂಬೋ ಹಂಗಿಲ್ಲ!"

ಫಿಲ್ಮ್ ಕಂಕುಳಲ್ಲಿಟ್ಟುಕೊಂಡು, ಪಾತ್ರೆ ಹಿಡ್ಕೊಂಡು ಮುಂದಿನ ಮನೆಗೆ ಓಡಿದ. ಆ ಭಟ್ಟಿ ಸಾಲು ಉದ್ದ ಐತಲ್ಲ, ಇನ್ನೂ ಎಷ್ಟೋ ಮನೆ ಉಳಿದಿದ್ದವು.