ನದಿಯಕ್ಕ ತಲೆ ತಗ್ಗಿಸಿದ್ದು

ಆಗಿನ್ನೂ ಭೂಮಿಯ ಹಸಿ ಆರಿರಲಿಲ್ಲ ಕಂದ. ಬೆಟ್ಟಗಳು ಎಲ್ಲಿ ಕೂರೋಣ ಅಂತ ಜಾಗ ಹುಡುಕುತ್ತಿದ್ದವು. ಕಲ್ಲಿಗೂ ಮಾತು ಬರುತ್ತಿತ್ತು, ಗಾಳಿಗೂ ಬರುತ್ತಿತ್ತು. ಮೊಲ ಏನಾದರೂ ಕೇಳಿದರೆ ಮೋಡ ನಿಂತು ಉತ್ತರ ಹೇಳಿಯೇ ಮುಂದೆ ಹೋಗುತ್ತಿತ್ತು.

ಈಗ ನಾವು ಅಮೆರಿಕ ಅನ್ನುತ್ತೇವಲ್ಲ, ಆ ನಾಡಿನ ಒಂದು ಮೂಲೆಯಲ್ಲಿ ದೊಡ್ಡ ಮರಳುಗಾಡು ಇತ್ತು. ಅಂಗೈಯ ಹಾಗೆ ಸಪಾಟು. ಅದರ ನಡುವೆ, ನೆಲದ ಮಟ್ಟಕ್ಕೇ, ಒಂದು ನದಿ ಹರಿಯುತ್ತಿದ್ದಳು. ದಂಡೆಯಲ್ಲಿ ನಿಂತು ಕತ್ತು ಬಗ್ಗಿಸಿದರೆ ಸಾಕು, ಮೂಗಿಗೆ ನೀರು ತಾಗುತ್ತಿತ್ತು. ಎಲ್ಲರೂ ಅವಳನ್ನು ನದಿಯಕ್ಕ ಅನ್ನುತ್ತಿದ್ದರು.

ನದಿಯಕ್ಕ ಬಲು ಚೆಲುವೆ. ಅವಳ ನೀರು ನೀಲಿ. ಎಷ್ಟು ತಿಳಿ ಅಂದರೆ, ಮೇಲೆ ಹೋಗುವ ಮೋಡ ಯಾವುದು, ಕೆಳಗೆ ಕಾಣುವ ಮೋಡ ಯಾವುದು ಅಂತ ಹಕ್ಕಿಗಳಿಗೇ ಗೊಂದಲವಾಗುತ್ತಿತ್ತು.

ಆ ಮರಳುಗಾಡಿನಲ್ಲಿ ನೋಡುವಂಥದ್ದು ಬೇಕಾದಷ್ಟಿತ್ತು. ಕಲ್ಲಿನ ಕಮಾನು ಇತ್ತು, ಅದರೊಳಗಿಂದ ಆಕಾಶ ಇಣುಕುತ್ತಿತ್ತು. ಕಲ್ಲಾಗಿ ಮಲಗಿದ ಮರಗಳಿದ್ದವು. ಹಿಟ್ಟು ಚೆಲ್ಲಿದಂತೆ ಬೆಳ್ಳಗಿನ ಮರಳ ದಿಬ್ಬಗಳಿದ್ದವು. ಎರಡೂ ಕೈ ಎತ್ತಿ ನಿಂತ ಕಳ್ಳಿಗಳಿದ್ದವು. ಇದನ್ನೆಲ್ಲ ನೋಡಬೇಕು ಅಂತ ಪ್ರಾಣಿಗಳು, ಹಕ್ಕಿಗಳು ದೂರದೂರದಿಂದ ಸಂಸಾರ ಕಟ್ಟಿಕೊಂಡು ಬರುತ್ತಿದ್ದರು. ಅವರಿಗೆ ದಾರಿ ತೋರಿಸುವುದು ಗಾಳಿಯಣ್ಣನ ಕೆಲಸ.

"ಕಮಾನು ನೋಡಿದಿರಾ? ಕಲ್ಲುಮರ ನೋಡಿದಿರಾ? ನದಿಯಕ್ಕನನ್ನ ನೋಡದೆ ಹೋದರೆ ಏನೂ ನೋಡಿದ ಹಾಗಲ್ಲ. ಬನ್ನಿ, ಬನ್ನಿ!" ಅಂತ ಗಾಳಿಯಣ್ಣ ಎಲ್ಲರನ್ನೂ ದಂಡೆಗೆ ಕರೆತರುತ್ತಿದ್ದ.

ಬಂದವರು ಅವಳನ್ನು ನೋಡಿ "ಅಬ್ಬಾ!" ಅನ್ನುತ್ತಿದ್ದರು. ಆಮೇಲೆ ನೀರು ಕುಡಿಯುತ್ತಿದ್ದರು. ಮೊದಮೊದಲು ನದಿಯಕ್ಕನಿಗೆ ಎರಡೂ ಒಂದೇ ಆಗಿತ್ತು. ಬರುಬರುತ್ತಾ ಅವಳಿಗೆ "ಅಬ್ಬಾ!" ಅನ್ನಿಸಿಕೊಳ್ಳುವುದು ಹೆಚ್ಚು ಇಷ್ಟವಾಯಿತು. ಕುಡಿಯುವವರು ಕಾಲಿಟ್ಟರೆ ಕೆಸರೇಳುತ್ತದೆ. ಮೂತಿ ಹಾಕಿದರೆ ನೀರಿನಲ್ಲಿ ಮೂಡಿದ ಆಕಾಶ ಚೂರುಚೂರಾಗುತ್ತದೆ. ನದಿಯಕ್ಕನಿಗೆ ಅದು ಸರಿಬರಲಿಲ್ಲ.

"ಅಲ್ಲಿ ಬೇಡ, ಆ ಕಡೆ ಕುಡೀರಿ," ಅಂದಳು ಮೊದಲು. ಆಮೇಲೆ, "ಈಗ ಬೇಡ, ನೋಡುವವರು ಹೋದಮೇಲೆ ಕುಡೀರಿ," ಅನ್ನಲು ಶುರು ಮಾಡಿದಳು.

ಒಂದು ಬೇಸಿಗೆ. ಆ ವರ್ಷ ಬಿಸಿಲು ಎಂಥದ್ದು ಅಂದರೆ, ಕಲ್ಲುಗಳೇ ನೆರಳು ಹುಡುಕುತ್ತಿದ್ದವು. ಬಿಳಿ ಮರಳದಿಬ್ಬಗಳ ಆಚೆ ಒಂದು ಸಣ್ಣ ಒರತೆ ಇತ್ತು, ಅದು ಬತ್ತಿಹೋಯಿತು. ಆ ಒರತೆಯನ್ನೇ ನಂಬಿದ್ದ ಒಂದು ಕಾಡುಕುರಿ ತನ್ನ ಮರಿಯನ್ನು ಕರೆದುಕೊಂಡು ನದಿಯ ಕಡೆಗೆ ಹೊರಟಳು. ಮರಿಯ ಹೆಸರು ಚಿಮ್ಮಿ. ನಡೆಯುವುದಕ್ಕಿಂತ ಚಿಮ್ಮುವುದೇ ಜಾಸ್ತಿ, ಅದಕ್ಕೆ ಆ ಹೆಸರು. ಆದರೆ ಈಗ ಚಿಮ್ಮಿ ಚಿಮ್ಮುತ್ತಿರಲಿಲ್ಲ. ಅಮ್ಮನ ನೆರಳಲ್ಲೇ ಕಾಲೆಳೆಯುತ್ತಿದ್ದಳು.

ದಾರಿಯಲ್ಲಿ ಆಮೆಯಜ್ಜಿ ಜೊತೆಯಾದಳು. ಮರಳುಗಾಡಿನ ಆಮೆಗೆ ಒಂದು ಜಾಣತನವಿದೆ. ಮಳೆ ಬಂದಾಗ ಹೊಟ್ಟೆತುಂಬ ಕುಡಿದು, ಆ ನೀರನ್ನು ಒಡಲೊಳಗೇ ಜೋಪಾನ ಮಾಡಿಟ್ಟುಕೊಳ್ಳುತ್ತದೆ. ಅದನ್ನು ನಂಬಿಕೊಂಡೇ ಮುಂದಿನ ಮಳೆಯ ತನಕ ಬದುಕುತ್ತದೆ.

"ನಿಮಗೇನಜ್ಜಿ, ನೀರು ಹೊಟ್ಟೆಯಲ್ಲೇ ಇದೆ. ಈ ಬಿಸಿಲಲ್ಲಿ ಎಲ್ಲಿಗೆ ಹೊರಟಿರಿ?" ಅಂತ ಕುರಿ ಕೇಳಿದಳು.

"ನದಿ ನೋಡೋಕೆ ಕಣಮ್ಮ. ಹುಟ್ಟಿದಾಗಿಂದ ಕೇಳ್ತಾ ಇದೀನಿ, ಚೆಂದ ಚೆಂದ ಅಂತಾರೆ. ನನ್ನ ನಡಿಗೆ ನಿಂಗೊತ್ತಲ್ಲ, ಇಷ್ಟು ದಿನ ಹಿಡೀತು," ಅಂದಳು ಆಮೆಯಜ್ಜಿ ನಗುತ್ತಾ.

ಮೂವರೂ ದಂಡೆ ಮುಟ್ಟಿದಾಗ ನಡುಮಧ್ಯಾಹ್ನ. ಆ ಹೊತ್ತಿಗೆ ಸರಿಯಾಗಿ ಬಡಗಣ ದೇಶದಿಂದ ಕೊಕ್ಕರೆಗಳ ದೊಡ್ಡ ಹಿಂಡು ಬಂದಿಳಿದಿತ್ತು. ಬಿಳಿ ಬಿಳಿ ಹಕ್ಕಿಗಳು ಸಾಲಾಗಿ ನಿಂತು, ನೀರಿನಲ್ಲಿ ತೇಲುತ್ತಿದ್ದ ಮೋಡಗಳನ್ನು ನೋಡುತ್ತಾ "ಅಬ್ಬಾ! ಅಬ್ಬಾ!" ಅನ್ನುತ್ತಿದ್ದವು. ನದಿಯಕ್ಕ ಒಂದು ಅಲೆಯನ್ನೂ ಏಳಿಸದೆ, ಉಸಿರು ಬಿಗಿಹಿಡಿದು, ಕನ್ನಡಿಯಂತೆ ಮಲಗಿದ್ದಳು.

ಕುರಿ ದಂಡೆಗೆ ಬಂದಳು. "ನದಿಯಕ್ಕಾ, ಕುಡಿಯೋಕೆ ಬಂದಿದ್ದೀವಿ."

"ಈಗ ಬೇಡಮ್ಮ," ಅಂದಳು ನದಿಯಕ್ಕ ಪಿಸುದನಿಯಲ್ಲಿ. "ಅತಿಥಿಗಳಿದ್ದಾರೆ, ಕಾಣೋದಿಲ್ವಾ? ನೀವು ಕಾಲಿಟ್ಟರೆ ಕೆಸರಾಗುತ್ತೆ. ಬಿಸಿಲು ಇಳಿಯಲಿ."

"ನನಗೆ ಬೇಡ. ಮಗುವಿಗೆ ಒಂದೇ ಒಂದು ಗುಟುಕು."

"ಬಿಸಿಲು ಇಳಿಯಲಿ ಅಂದೆನಲ್ಲ."

ಕುರಿ ಒಂದು ಹೆಜ್ಜೆ ಮುಂದಿಟ್ಟಳು. ನದಿಯಕ್ಕ ತನ್ನ ನೀರನ್ನು, ಸೀರೆಯ ಸೆರಗನ್ನು ಎಳೆದುಕೊಳ್ಳುವಂತೆ, ಹಿಂದಕ್ಕೆ ಎಳೆದುಕೊಂಡಳು. ಕುರಿ ಇನ್ನೊಂದು ಹೆಜ್ಜೆ ಇಟ್ಟಳು. ನೀರು ಇನ್ನಷ್ಟು ಹಿಂದೆ ಸರಿಯಿತು. ಕೊಕ್ಕರೆಗಳು ಮೋಡ ನೋಡುತ್ತಲೇ ಇದ್ದವು.

ಚಿಮ್ಮಿಯ ಮುಂಗಾಲು ಮಡಿಚಿಕೊಂಡಿತು. ಆಮೇಲೆ ಹಿಂಗಾಲೂ. ಮರಳಿನ ಮೇಲೆ ತಲೆ ಇಟ್ಟಳು. ಕಣ್ಣು ತೆರೆದೇ ಇತ್ತು, ಆದರೆ ಅಮ್ಮ ಕರೆದರೆ ಕಿವಿ ಅಲ್ಲಾಡಲಿಲ್ಲ.

"ಚಿಮ್ಮೀ! ಏಳು ಮಗಳೇ! ಚಿಮ್ಮೀ!"

ಹತ್ತಿರದಲ್ಲೇ ಬಟ್ಟಲಿನ ಹಾಗೆ ತಗ್ಗಾಗಿದ್ದ ಒಂದು ಕಲ್ಲಿತ್ತು. ಆಮೆಯಜ್ಜಿ ತೆವಳಿಕೊಂಡು ಅದರ ಬಳಿ ಹೋದಳು. ಒಡಲೊಳಗೆ ಜೋಪಾನ ಮಾಡಿಟ್ಟಿದ್ದ ಮಳೆನೀರನ್ನೆಲ್ಲ ಆ ಬಟ್ಟಲಿಗೆ ಬಿಟ್ಟಳು.

"ಕುಡಿಸಮ್ಮ. ಬೇಗ ಕುಡಿಸು, ಆರಿಹೋಗುತ್ತೆ."

ಕುರಿ ಬಾಯಿಗೆ ನೀರು ತುಂಬಿಕೊಂಡು ಬಂದು ಮರಿಯ ತುಟಿಗೆ ಬಿಟ್ಟಳು. ಮತ್ತೆ ತಂದಳು, ಮತ್ತೆ ಬಿಟ್ಟಳು. ಚಿಮ್ಮಿಯ ಗಂಟಲು ಕದಲಿತು. ಕಿವಿ ಅಲ್ಲಾಡಿತು. ಸ್ವಲ್ಪ ಹೊತ್ತಿಗೆ ತಾನೇ ಎದ್ದು ಬಂದು, ಕಲ್ಲಿನ ಬಟ್ಟಲಲ್ಲಿ ಉಳಿದಿದ್ದ ತೇವವನ್ನೂ ನೆಕ್ಕಿದಳು.

ಕೊಕ್ಕರೆಗಳು ಈಗ ಮೋಡವನ್ನು ನೋಡುತ್ತಿರಲಿಲ್ಲ. ಆಮೆಯಜ್ಜಿಯನ್ನು ನೋಡುತ್ತಿದ್ದವು. ಆಮೇಲೆ ಒಂದೊಂದಾಗಿ ತಲೆ ತಿರುಗಿಸಿ ನದಿಯಕ್ಕನನ್ನು ನೋಡಿದವು. ಯಾವುದೂ "ಅಬ್ಬಾ" ಅನ್ನಲಿಲ್ಲ.

ನದಿಯಕ್ಕ ಗಡಿಬಿಡಿಯಲ್ಲಿ ದಂಡೆ ದಾಟಿ ಬಂದಳು. "ಅಜ್ಜೀ, ಕುಡೀರಿ. ತಗೊಳ್ಳಿ, ಎಷ್ಟು ಬೇಕಾದರೂ ಕುಡೀರಿ." ಅವಳ ನೀರು ಆಮೆಯಜ್ಜಿಯ ಚಿಪ್ಪನ್ನು ಸುತ್ತಿಕೊಂಡಿತು. ಆದರೆ ಅಜ್ಜಿಯ ಕತ್ತು ಹೊರಗೆ ಬರಲಿಲ್ಲ. ನದಿಯಕ್ಕ ಮತ್ತೆ ಮತ್ತೆ ಕರೆದಳು. ಬರಲಿಲ್ಲ.

ಆಗ ಚಿಮ್ಮಿ ಕೇಳಿದಳು. "ಅಮ್ಮಾ, ನದಿಯಕ್ಕನ ಹತ್ತಿರ ಇಷ್ಟೊಂದು ನೀರಿದೆ. ಯಾಕೆ ಕೊಡಲಿಲ್ಲ?"

ಕುರಿ ಬೈಯಬಹುದಿತ್ತು. ಬೈಯಲಿಲ್ಲ. "ಅವರಿಗೆ ಅತಿಥಿಗಳು ಬಂದಿದ್ದರಲ್ಲ ಪುಟ್ಟಾ," ಅಂದಳು ಮೆಲ್ಲಗೆ. "ಬಾ, ಅಜ್ಜಿಗೆ ಮರಳು ಹಾಕೋಣ."

ತಾಯಿ ಮಗಳು ಇಬ್ಬರೂ ಗೊರಸಿನಿಂದ ಮರಳು ಹಾಕಿ ಅಜ್ಜಿಯನ್ನು ಮುಚ್ಚಿದರು. ಕೊಕ್ಕರೆಗಳು ಹಾರಿಹೋದವು. ನದಿಯಕ್ಕ ಒಬ್ಬಳೇ ಉಳಿದಳು.

ಅವರಿಗೆ ಅತಿಥಿಗಳು ಬಂದಿದ್ದರಲ್ಲ. ಆ ಮಾತು ಅವಳ ಮೈಯಲ್ಲಿ ಮುಳ್ಳಿನಂತೆ ನಿಂತಿತು. ಯಾರಾದರೂ ಕೂಗಾಡಿ ಬೈದಿದ್ದರೆ ಅವಳೂ ಏನಾದರೂ ಹೇಳುತ್ತಿದ್ದಳೇನೋ. ಯಾರೂ ಬೈಯಲಿಲ್ಲ.

ಮಾರನೆಯ ದಿನ ಗಾಳಿಯಣ್ಣ ಯಥಾಪ್ರಕಾರ ಹೊಸ ಗುಂಪು ಕರೆತಂದ. "ನೋಡಿ, ನೋಡಿ, ಎಂಥ ಚೆಲುವು!"

"ಬೇಡ ಗಾಳಿಯಣ್ಣ," ಅಂದಳು ನದಿಯಕ್ಕ. "ನನ್ನನ್ನ ತೋರಿಸಬೇಡ."

"ಯಾಕಕ್ಕಾ? ಹುಷಾರಿಲ್ವಾ?"

ಅವಳು ತಳದ ಕೆಸರನ್ನೆಲ್ಲ ತಾನೇ ಕದಡಿ ಮೈಗೆ ಬಳಿದುಕೊಂಡಳು. ನೀಲಿ ನೀರು ಕೆಂಗಂದಾಯಿತು. ಆಕಾಶ ಅದರಲ್ಲಿ ಕಾಣದಾಯಿತು. ಆದರೂ ಬಂದವರು ನೋಡುತ್ತಿದ್ದರು. ನೋಡಿದಾಗಲೆಲ್ಲ ಅವಳಿಗೆ ಆ ಚಿಪ್ಪು ನೆನಪಾಗುತ್ತಿತ್ತು. ಭೂಮಿಯೊಳಗೆ ಇಳಿದುಹೋಗಬೇಕು ಅನ್ನಿಸಿತು. ಇಳಿಯತೊಡಗಿದಳು.

ಎಲ್ಲಕ್ಕಿಂತ ಮೇಲಿದ್ದ ಹಾಲುಬಣ್ಣದ ಕಲ್ಲಿಗೆ ಹೇಳಿದಳು, "ಕಲ್ಲಣ್ಣಾ, ಸ್ವಲ್ಪ ದಾರಿ ಬಿಡು. ನಾನು ಕೆಳಗೆ ಹೋಗಬೇಕು."

ಹಾಲುಬಣ್ಣದ ಕಲ್ಲು ದಾರಿ ಬಿಟ್ಟಿತು. ಆದರೆ ಅಲ್ಲಿಯೂ ಅವಳು ಕಾಣುತ್ತಿದ್ದಳು. ಇನ್ನೂ ಕೆಳಗಿದ್ದ ಕೆಂಪು ಕಲ್ಲಿಗೆ ಹೇಳಿದಳು, "ಕಲ್ಲಪ್ಪಾ, ದಾರಿ ಬಿಡು. ನಾನು ಕೆಳಗೆ ಹೋಗಬೇಕು."

"ಏನಾಯಿತು ತಾಯಿ?" ಅಂತ ಕೆಂಪು ಕಲ್ಲು ಕೇಳಿತು.

"ಕೇಳಬೇಡ," ಅಂದಳು. ಕೆಂಪು ಕಲ್ಲೂ ದಾರಿ ಬಿಟ್ಟಿತು.

ಹಸಿರು ಕಲ್ಲು, ಕಂದು ಕಲ್ಲು, ಒಂದರ ಕೆಳಗೊಂದು. ಕೊರೆಯುತ್ತಾ ಕೊರೆಯುತ್ತಾ ಅವಳು ಇಳಿದಳು. ಎಷ್ಟೋ ಮಳೆಗಾಲ ಕಳೆದವು, ಎಷ್ಟೋ ಬೇಸಿಗೆ ಕಳೆದವು. ಕೊನೆಗೆ ಒಂದು ಕಪ್ಪು ಕಲ್ಲು ಸಿಕ್ಕಿತು. ಭೂಮಿಯಲ್ಲಿ ಅದಕ್ಕಿಂತ ಹಳಬರು ಹೆಚ್ಚು ಮಂದಿ ಇರಲಿಲ್ಲ.

"ಕಲ್ಲಜ್ಜಾ, ದಾರಿ ಬಿಡಿ."

ಕಪ್ಪು ಕಲ್ಲು ಕದಲಲಿಲ್ಲ. "ಇನ್ನೆಲ್ಲಿಗೆ ಹೋಗ್ತೀಯಮ್ಮ?"

"ಯಾರಿಗೂ ಕಾಣದ ಕಡೆಗೆ."

"ಏನು ಮಾಡಿದೆ?"

ನದಿಯಕ್ಕ ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಈಗ ಹೇಳಿದಳು. ಕುರಿಯ ಹೆಜ್ಜೆ, ತಾನು ಹಿಂದೆ ಸರಿದದ್ದು, ಕಲ್ಲಿನ ಬಟ್ಟಲು, ಹೊರಗೆ ಬಾರದ ಕತ್ತು. ಹೇಳುವಾಗ ಅವಳ ದನಿ ಬಂಡೆಗಳಿಗೆ ಬಡಿದು ಗೋಳಿಟ್ಟಿತು.

ಕಪ್ಪು ಕಲ್ಲು ಎಲ್ಲವನ್ನೂ ಕೇಳಿಸಿಕೊಂಡಿತು. "ನಾಚಿಕೆ ಆಗಬೇಕಾದ್ದೇ. ಬೇಡ ಅನ್ನೋದಿಲ್ಲ," ಅಂದಿತು. "ಆದರೆ ನೀನು ಇಲ್ಲಿಗೆ ಇಳಿದು ಬಂದೆಯಲ್ಲ, ಮೇಲೆ ಇರುವವರು ಏನು ಕುಡೀತಾರೆ?"

ನದಿಯಕ್ಕ ತಲೆ ಎತ್ತಿದಳು. ಆಕಾಶ ಒಂದು ದಾರದಷ್ಟು ಕಂಡಿತು. ದಂಡೆ ಮೋಡದ ಹತ್ತಿರ ಇತ್ತು. ಇಳಿಯುವಾಗ ಅವಳಿಗೆ ತನ್ನ ನಾಚಿಕೆಯೊಂದೇ ನೆನಪಿತ್ತು. ಮೊದಲು ಒಂದು ಮಧ್ಯಾಹ್ನ ನೀರು ಕೊಡದೆ ಹಿಂದೆ ಸರಿದಿದ್ದಳು. ಈಗ ಎಲ್ಲರಿಂದಲೂ, ಎಂದೆಂದಿಗೂ ಸರಿದುಬಿಟ್ಟಿದ್ದಳು.

ಅವಳು ಮೇಲಕ್ಕೆ ಹತ್ತಲು ನೋಡಿದಳು. ಬಂಡೆಗೆ ಮೈ ಅಪ್ಪಳಿಸಿದಳು, ನೊರೆಯಾದಳು, ಹಾರಿದಳು. ನೀರಿಗೆ ಇಳಿಯುವುದು ಬರುತ್ತದೆ ಕಂದ, ಹತ್ತುವುದು ಬರುವುದಿಲ್ಲ.

ಆಗ ಅವಳು ಕಲ್ಲುಗಳನ್ನು ಬೇಡಿಕೊಂಡಳು. "ಅಣ್ಣಂದಿರಾ, ಅಪ್ಪಂದಿರಾ, ನಾನಂತೂ ಮೇಲೆ ಬರಲಾರೆ. ಬಾಯಾರಿದವರು ಕೆಳಗೆ ಬರೋದಕ್ಕಾದರೂ ಒಂದು ದಾರಿ ಮಾಡಿಕೊಡಿ." ಕಲ್ಲುಗಳು ಅಲ್ಲಲ್ಲಿ ಸ್ವಲ್ಪ ಒಡೆದುಕೊಂಡವು, ಅಲ್ಲಲ್ಲಿ ಮೆಟ್ಟಿಲಿನಂತೆ ಮುಂದೆ ಚಾಚಿಕೊಂಡವು. ಕೆಲವು ಕಡೆ ಒಂದು ಗೊರಸು ಇಡುವಷ್ಟೇ ಜಾಗ.

ದಿನಗಳು ಹೋದವು. ಒಂದು ಬೆಳಗ್ಗೆ ಮೇಲಿನಿಂದ ಸಣ್ಣ ಕಲ್ಲುಗಳು ಉರುಳಿ ಬಂದವು. ಕಡಿದಾದ ಬಂಡೆಯ ಮೇಲೆ ಒಂದು ಕಾಡುಕುರಿ ಚಿಮ್ಮುತ್ತಾ ಚಿಮ್ಮುತ್ತಾ ಇಳಿಯುತ್ತಿದ್ದಳು. ಹಿಂದೆ ಒಂದು ಮರಿ. ಆ ತಾಯಿಕುರಿ ಚಿಮ್ಮಿಯ ಮಗಳ ಮಗಳು. ಮುಖ ಮಾತ್ರ ಥೇಟ್ ಚಿಮ್ಮಿಯದೇ.

ಕುರಿ ಮೊದಲು ತನ್ನ ಮರಿಯನ್ನು ಹಿಂದೆ ನಿಲ್ಲಿಸಿದಳು. ತಾನು ನೀರಿನಿಂದ ಒಂದು ಹೆಜ್ಜೆ ದೂರ ನಿಂತಳು. "ನದಿಯಕ್ಕಾ, ಕುಡೀಬಹುದಾ? ಕೇಳಿಯೇ ಕುಡೀಬೇಕು ಅಂತ ನಮ್ಮ ಮನೇಲಿ ಹೇಳಿಕೊಟ್ಟಿದ್ದಾರೆ."

ನದಿಯಕ್ಕನಿಗೆ ಮತ್ತೆ ಮುಖ ಎತ್ತಲಾಗಲಿಲ್ಲ. "ಕೇಳಬೇಡಮ್ಮ," ಅಂದಳು. "ನಿನ್ನ ಮರಿಗೂ ಹೇಳು. ಯಾರೂ ಕೇಳಬಾರದು. ಕಾಲಿಡಿ, ಕೆಸರು ಮಾಡಿ, ಕುಡೀರಿ." ಹಾಗಂದು ತಾನೇ ಮುಂದೆ ಬಂದು ಅವರ ಗೊರಸುಗಳನ್ನು ಮುಟ್ಟಿದಳು.

ಆಮೇಲೆ ಏನಾಯಿತು ಗೊತ್ತಾ? ನದಿಯಕ್ಕ ಯಾರಿಗೂ ಕಾಣಬಾರದು ಅಂತ ತೋಡಿಕೊಂಡ ಆ ಕಂದರ, ಬಿಸಿಲು ಬಿದ್ದಾಗ ಹಾಲು, ಕೆಂಪು, ಹಸಿರು, ಕಂದು ಅಂತ ಬಣ್ಣಬಣ್ಣವಾಗಿ ಹೊಳೆಯಿತು. ಅದನ್ನು ನೋಡಲು ಲೋಕವೆಲ್ಲ ಬರತೊಡಗಿತು. ಈಗಲೂ ಜನ ಮರಳುಗಾಡಿನ ಉದ್ದನೆಯ ರಸ್ತೆಯಲ್ಲಿ ದಿನವಿಡೀ ಕಾರು ಓಡಿಸಿಕೊಂಡು ಬರುತ್ತಾರೆ. ಗ್ರ್ಯಾಂಡ್ ಕ್ಯಾನಿಯನ್ ಅನ್ನುತ್ತಾರೆ, ಕಟಕಟೆ ಹಿಡಿದು ನಿಂತು "ಅಬ್ಬಾ!" ಅನ್ನುತ್ತಾರೆ, ಫೋಟೊ ತೆಗೆಯುತ್ತಾರೆ. ಅವರ ಕೂಗು ನದಿಯಕ್ಕನಿಗೆ ಕೇಳಿಸುತ್ತದೆ. ಅವಳು ಮೇಲೆ ನೋಡುವುದಿಲ್ಲ.

ಅದಕ್ಕೇ ಕಂದ, ನೀನು ಆ ಕಟಕಟೆಯ ಬಳಿ ನಿಂತು ಎಷ್ಟು ಬಗ್ಗಿ ನೋಡಿದರೂ ನದಿ ಮಾತ್ರ ಪಾತಾಳದಲ್ಲಿ ಕೆಸರು ಬಳಿದ ಒಂದು ದಾರದ ಹಾಗೆ ಕಾಣುತ್ತಾಳೆ, ಅವಳ ಅಂಚಿನಲ್ಲಿ ಚುಕ್ಕಿಯಷ್ಟು ಚಿಕ್ಕದಾಗಿ ಕಾಡುಕುರಿಗಳು ನೀರು ಕುಡಿಯುತ್ತಿರುತ್ತವೆ.